ನಂಗೆ ಹೇಳ್ಬೇಡಿ ಎನ್ನುತ್ತಿದ್ದವರು

ಅವರು ಹೋದ ಸುದ್ದಿ ನನಗೆ ತಿಳಿಯುವ ಹೊತ್ತಿಗೆ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಕೆಂಗೇರಿ ಉಪನಗರದಲ್ಲಿ ಅವರ ಕೆಳಗಿನ ಮನೆಯಲ್ಲಿದ್ದ ಆಂಟಿ, ಅವರ ಡೈರಿಯಲ್ಲಿ ಸಿಕ್ಕ ನಂಬರುಗಳಿಗೆ ಒಂದೊಂದಾಗಿ ಫೋನ್ ಮಾಡುತ್ತಾ ನನ್ನ ನಂಬರಿಗೆ ಬಂದಿದ್ದರು. "ಜಾಸ್ತಿ ನಂಬರ್ ಇರ್ಲಿಲ್ಲಮ್ಮ. ಗ್ಯಾಸ್‌ನವನದು, ಪೋಸ್ಟಾಫೀಸಿಂದು, ಆಮೇಲೆ ನಿಮ್ಮದು" ಎಂದರು. ನನ್ನದು ಯಾಕಿತ್ತು ಎಂದು ನನಗೆ ಗೊತ್ತಾಗಲಿಲ್ಲ. ನಾನು ಅವರಿಗೆ ಮಾಡಿದ್ದು ಉಪಕಾರವಂತೂ ಅಲ್ಲ. ಫೋನ್ ಇಟ್ಟ ಮೇಲೆ ಒಲೆಯ ಮೇಲಿದ್ದ ಹಾಲು ಉಕ್ಕಿ ಚೆಲ್ಲಿದ್ದೂ ತಿಳಿಯದೆ ಕೂತಿದ್ದೆ.

ಹೆಸರು ಬರೆಯುವುದಿಲ್ಲ. ಬರೆದರೆ ಸಿಟ್ಟಾಗುತ್ತಿದ್ದರು. ನಾವು ಅವರನ್ನು ಅಳತೆ ಮೇಡಂ ಎನ್ನುತ್ತಿದ್ದೆವು, ರೋಗಿಗಳು ಅಳತೆ ಅಮ್ಮ ಎನ್ನುತ್ತಿದ್ದರು. ಅಷ್ಟು ಸಾಕು.

ಮೈಸೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಇನ್ನೂ ಏಳದಿದ್ದ ಕಾಲ. ರಾಜಾಜಿನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಫಿಸಿಯೋಥೆರಪಿ ಹುಡುಗಿ. ಅಲ್ಲಿ ಒಂದು ಅಧ್ಯಯನ ಶುರುವಾಗಿತ್ತು. ಲಕ್ವ ಹೊಡೆದು ಕೈಕಾಲು ಬಿದ್ದವರಿಗೆ, ಆಸ್ಪತ್ರೆಯಿಂದ ಮನೆಗೆ ಹೋದ ಮೇಲೂ ನಾವು ಅವರ ಮನೆಗೇ ಹೋಗಿ ವ್ಯಾಯಾಮ ಮಾಡಿಸಿದರೆ ನಿಜವಾಗಿ ಪ್ರಯೋಜನವಿದೆಯೇ ಎಂದು ನೋಡುವುದು. ಅರ್ಧ ಜನರ ಮನೆಗೆ ವಾರಕ್ಕೆರಡು ಸಲ ನಾನು ಮತ್ತು ಇನ್ನೊಬ್ಬಳು ಹೋಗುತ್ತಿದ್ದೆವು. ಉಳಿದ ಅರ್ಧ ಜನರಿಗೆ ವ್ಯಾಯಾಮದ ಚಿತ್ರಗಳಿರುವ ತೆಳುವಾದ ಪುಸ್ತಕ ಕೊಟ್ಟು ಕಳಿಸುವುದು, ಮುಗಿಯಿತು. ಯಾರು ಯಾವ ಗುಂಪಿಗೆ ಎನ್ನುವುದನ್ನು ಮುಚ್ಚಿದ ಲಕೋಟೆಯೊಳಗಿನ ಚೀಟಿ ತೀರ್ಮಾನಿಸುತ್ತಿತ್ತು. ಒಂದು ವರ್ಷದ ತನಕ, ಮೂರು ತಿಂಗಳಿಗೊಮ್ಮೆ, ಎರಡೂ ಗುಂಪಿನವರನ್ನು ಅವರವರ ಮನೆಯಲ್ಲೇ ಅಳೆಯಬೇಕು. ಅಳೆಯುವವರಿಗೆ ಮಾತ್ರ ಯಾರು ಯಾವ ಗುಂಪಿನವರು ಎಂದು ತಿಳಿದಿರಕೂಡದು. ಆ ಕೆಲಸ ಅವರದು.

ಇಸ್ತ್ರಿ ಮಾಡಿದ ಕಾಟನ್ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸ್ಟಾಪ್‌ವಾಚು. ವಯಸ್ಸು ಐವತ್ತರ ಆಚೀಚೆ. ಮದುವೆಯಾಗಿದೆಯೋ ಇಲ್ಲವೋ ಎಂದು ನನ್ನ ಜೊತೆಯವಳು ಒಮ್ಮೆ ಕೇಳಿಯೇಬಿಟ್ಟಳು. "ಅದು ನಮ್ಮ ಫಾರಂನಲ್ಲಿ ಇಲ್ವಲ್ಲಮ್ಮ" ಎಂದು ನಕ್ಕು ಹೋದರು. ಚೀಲದಲ್ಲಿ ಅಳತೆ ಪಟ್ಟಿ, ಸೀಮೆಸುಣ್ಣ, ಒಂಬತ್ತು ತೂತಿನ ಹಲಗೆ, ಒಂಬತ್ತು ಮರದ ಕಡ್ಡಿ. ಬಿದ್ದ ಕೈಯಿಂದ ಆ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ತೂತಿಗೆ ಇಡಬೇಕು, ಮತ್ತೆ ಒಂದೊಂದಾಗಿ ತೆಗೆಯಬೇಕು. ಆಮೇಲೆ ಮನೆಯ ಮುಂದೆ ಹತ್ತು ಮೀಟರ್ ದೂರಕ್ಕೆ ಎರಡು ಗೆರೆ ಎಳೆದು, ಈ ಗೆರೆಯಿಂದ ಆ ಗೆರೆಗೆ ನಡೆಯಬೇಕು. ಗೆರೆ ಎಳೆಯುವುದನ್ನು ಕಂಡು ಬೀದಿಯ ಮಕ್ಕಳು "ಆಂಟಿ, ಕುಂಟೆಬಿಲ್ಲೆನಾ?" ಎಂದು ಓಡಿ ಬರುತ್ತಿದ್ದವು. "ಹೂಂ ಕಣ್ರೋ, ದೊಡ್ಡೋರ ಕುಂಟೆಬಿಲ್ಲೆ" ಎನ್ನುತ್ತಿದ್ದರಂತೆ.

ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ಒಂದೇ: "ನಂಗೆ ಹೇಳ್ಬೇಡಿ." ರೋಗಿಗಳಿಗೆ ಮಾತು ಬೇಕು. ದಿನವಿಡೀ ಗೋಡೆ ನೋಡುತ್ತಾ ಮಲಗಿದವರು, ಯಾರಾದರೂ ಬಂದರೆ ಬಿಡುತ್ತಾರೆಯೇ? "ಮೊನ್ನೆ ನಿಮ್ಮ ಹುಡುಗಿ ಬಂದಿದ್ಲು..." ಎಂದು ಶುರು ಮಾಡಿದರೆ ಸಾಕು, ಇವರು ಕೈ ಅಡ್ಡ ಹಿಡಿದು, "ಅಮ್ಮಾ, ನಂಗೆ ಹೇಳ್ಬೇಡಿ. ನಂಗೆ ಗೊತ್ತಾಗ್ಬಾರ್ದು" ಎಂದುಬಿಡುವರು. ಪಾಪ, ಆ ಅಮ್ಮನಿಗೆ ಏನು ಅರ್ಥವಾಗಬೇಕು? ಒಬ್ಬಾಕೆ ನನ್ನ ಹತ್ತಿರ ದೂರಿದ್ದರು: "ಆ ಅಳತೆ ಅಮ್ಮ ಒಳ್ಳೇವ್ರೇನೋ ಹೌದು, ಆದ್ರೆ ಸ್ವಲ್ಪ ಜಂಬ ಕಣಮ್ಮ."

ಜಂಬ ಎಂದೇ ನಾನೂ ಅಂದುಕೊಂಡಿದ್ದೆ. ಯಾಕೆಂದರೆ ಅವರು ನಮ್ಮ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಮಧ್ಯಾಹ್ನ ವ್ಯಾಯಾಮದ ಕೋಣೆಯಲ್ಲಿ ಚಾಪೆ ಹಾಸಿ ನಾವೆಲ್ಲ ಡಬ್ಬಿ ಬಿಚ್ಚಿ ಗಲಾಟೆ ಮಾಡುತ್ತಿದ್ದರೆ, ಅವರು ಮೆಟ್ಟಿಲ ತಿರುವಿನಲ್ಲಿ ಬೆಂಕಿ ಆರಿಸುವ ಮರಳಿನ ಬಕೆಟ್ಟುಗಳ ಪಕ್ಕ ಸ್ಟೂಲು ಹಾಕಿಕೊಂಡು ಒಬ್ಬರೇ ತಿನ್ನುತ್ತಿದ್ದರು. ನಮ್ಮ ಮಾತೆಲ್ಲ ರೋಗಿಗಳದ್ದೇ: ವಿಜಯನಗರದ ಮಾವ ಇವತ್ತು ಬೈದರು, ಬಸವೇಶ್ವರನಗರದ ಅಜ್ಜಿ ಬೆರಳು ಆಡಿಸಿತು. ಅದು ಅವರ ಕಿವಿಗೆ ಬಿದ್ದರೆ ಕೆಲಸ ಕೆಟ್ಟಿತು. ಸಂಜೆ ಬಸ್ ಸ್ಟಾಪಿನಲ್ಲಿ ನಮ್ಮನ್ನು ಕಂಡರೆ, ಮೊದಲು ಬಂದ ಬಸ್ಸಿಗೆ ನಮ್ಮನ್ನು ಹತ್ತಲು ಬಿಟ್ಟು, ತಾವು ಅದರ ಹಿಂದಿನ ಬಸ್ಸಿಗೆ ಬರುತ್ತಿದ್ದರು. ಮೂರು ವರ್ಷ ಹೀಗೆಯೇ ನಡೆಯಿತು.

ಮುಂದಿನ ಮಾತೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಧ್ಯಯನವೆಲ್ಲ ಮುಗಿದು, ಯಾರು ಯಾವ ಗುಂಪು ಎನ್ನುವ ಗುಟ್ಟನ್ನು ಬಿಚ್ಚಿದ ದಿನ, ಮಧ್ಯಾಹ್ನ ಅವರು ಡಬ್ಬಿ ಹಿಡಿದು ನಮ್ಮ ಕೋಣೆಯ ಬಾಗಿಲಲ್ಲಿ ನಿಂತರು. "ಇವತ್ತಿಂದ ಕೂತ್ಕೋಬಹುದು" ಎಂದರು. ನಾವು ಸಂಭ್ರಮದಿಂದ ಜಾಗ ಮಾಡಿಕೊಟ್ಟೆವು. ಅವರು ಕೂತರು, ಡಬ್ಬಿ ತೆರೆದರು. ಚಿತ್ರಾನ್ನವಿತ್ತು. ನಮಗೆ ಮಾತೇ ಹೊಳೆಯಲಿಲ್ಲ. ಅವರಿಗೂ ಅಷ್ಟೆ. ಮೂರು ವರ್ಷ ಒಂದೇ ಕಟ್ಟಡದಲ್ಲಿದ್ದು ಅವರಿಗೆ ಉಪ್ಪಿನಕಾಯಿ ಇಷ್ಟವೋ ಇಲ್ಲವೋ ಎನ್ನುವುದೂ ನಮಗೆ ತಿಳಿದಿರಲಿಲ್ಲ. ಹತ್ತು ನಿಮಿಷಕ್ಕೆ ಎದ್ದು, ಕೈ ತೊಳೆದು, "ಚೆನ್ನಾಗಿತ್ತು" ಎಂದು ಹೇಳಿ ಹೋದರು. ಮಾರನೆಯ ದಿನ ಮತ್ತೆ ಮೆಟ್ಟಿಲ ತಿರುವಿನಲ್ಲೇ ಇದ್ದರು.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಎಂದು ಒಮ್ಮೆ ಕೇಳಿದ್ದೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಅವತ್ತು ಮನಸ್ಸಿನಲ್ಲಿ ಅದೇನಿತ್ತೋ, ಉತ್ತರ ಕೊಟ್ಟರು. ಅವರ ತಾಯಿಗೆ ಲಕ್ವ ಹೊಡೆದು ನಾಲ್ಕು ವರ್ಷ ಹಾಸಿಗೆಯಲ್ಲಿದ್ದರಂತೆ. ಎಣ್ಣೆ ತೀಡಿದ್ದಾಯಿತು, ಯಾರೋ ಹೇಳಿದರೆಂದು ಪಾರಿವಾಳದ ರಕ್ತ ಹಚ್ಚಿದ್ದಾಯಿತು, ಹರಕೆಯಾಯಿತು. "ಬಂದೋರೆಲ್ಲಾ, 'ಪರ್ವಾಗಿಲ್ಲ, ಮೊದ್ಲಿಗಿಂತ ವಾಸಿ' ಅಂತಿದ್ರು. ನಾನೂ ದಿನಾ ಅದನ್ನೇ ಹೇಳ್ತಿದ್ದೆ. ನಂಗೆ ಹಾಗೇ ಕಾಣಿಸ್ತಿತ್ತು ಕೂಡ. ನಾಲ್ಕು ವರ್ಷದಲ್ಲಿ ಆ ಕೈ ಒಂದಿಂಚು ಮೇಲೆ ಬರ್ಲಿಲ್ಲ. ಅಮ್ಮಂಗೊಬ್ಬಳಿಗೇ ಅದು ಗೊತ್ತಿದ್ದಿದ್ದು." ಕೊರಳಿನ ಸ್ಟಾಪ್‌ವಾಚನ್ನು ಮುಟ್ಟಿ ಹೇಳಿದರು: "ಇವ್ರು ವಾಸಿ ಆಗ್ಬೇಕು ಅಂತ ಆಸೆ ಇದ್ರೆ ಬೆರಳು ಗುಂಡೀನ ಒಂದು ಚೂರು ಬೇಗ ಒತ್ಬಿಡತ್ತೆ ಕಣ್ರೀ. ನಮಗೇ ಗೊತ್ತಾಗಲ್ಲ."

ಅವರ ಮನೆಗೆ ನಾನು ಹೋಗಿದ್ದು ಒಂದೇ ಸಲ, ಅವರಿಗೆ ಜ್ವರ ಬಂದಿದ್ದಾಗ ಫಾರಂಗಳನ್ನು ತರಲು. ಎರಡು ಕೋಣೆ, ಒರೆಸಿ ಇಟ್ಟ ನೆಲ. ಟೆಲಿಫೋನಿನ ಪಕ್ಕದಲ್ಲಿ ನಾಲ್ಕು ಗಡಿಯಾರ, ನಾಲ್ಕರಲ್ಲೂ ಒಂದೇ ಸಮಯ. ಪ್ರತಿ ಬೆಳಿಗ್ಗೆ, ಸಮಯ ಹೇಳುವ ನಂಬರಿಗೆ ಫೋನ್ ಮಾಡಿ, ಅದರೊಳಗಿನ ಹೆಂಗಸು ಹೇಳಿದ ಸೆಕೆಂಡಿಗೆ ಸರಿಯಾಗಿ ಎಲ್ಲವನ್ನೂ ತಿದ್ದುತ್ತಿದ್ದರಂತೆ. "ದಿನಾ ಬೆಳಿಗ್ಗೆ ನನ್ನ ಹತ್ರ ಮಾತಾಡೋರು ಅವರೊಬ್ರೇ" ಎಂದು ತಮಾಷೆ ಮಾಡಿದರು. ನಾನು ನಕ್ಕೆ. ಬಸ್ಸಿನಲ್ಲಿ ವಾಪಸು ಬರುವಾಗ ಅದು ತಮಾಷೆಯಲ್ಲ ಎಂದು ಹೊಳೆಯಿತು.

ಈಗ ಹೇರೋಹಳ್ಳಿಯ ಯಜಮಾನರ ವಿಷಯಕ್ಕೆ ಬರುತ್ತೇನೆ.

ಆಗ ನಾನು ಹೇರೋಹಳ್ಳಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆ. ಹಳೆಯ ಹಳ್ಳಿ ಅರ್ಧ, ಹೊಸ ಸೈಟುಗಳು ಅರ್ಧ, ಮಳೆ ಬಂದರೆ ಚಪ್ಪಲಿ ಕೈಯಲ್ಲಿ. ನಮ್ಮ ಮನೆಯಿಂದ ಮೂರನೆಯದು ಯಜಮಾನರ ತಮ್ಮನ ಮನೆ. ಅದರ ಮುಂಭಾಗದ ಒಂಟಿ ಕೋಣೆಯಲ್ಲಿ ಯಜಮಾನರಿದ್ದರು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಓಡಿಸಿದವರು, ಮದುವೆಯಾಗದವರು. ಬೆಳಿಗ್ಗೆ ಎಂಟಕ್ಕೆ ತಮ್ಮ, ತಮ್ಮನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೊರಟರೆ ಸಂಜೆಯ ತನಕ ಇವರೊಬ್ಬರೇ. ಬಲಗೈ ಬಲಗಾಲು ಬಿದ್ದಿತ್ತು. ಮೊದಮೊದಲು ಬಾಗಿಲ ಚೌಕಟ್ಟು ಹಿಡಿದು ನಿಲ್ಲಲೂ ಆಗುತ್ತಿರಲಿಲ್ಲ.

ಏಳೆಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಅವರ ಮನೆಯ ಮುಂದೆ ರಸ್ತೆಯ ಮೇಲೆ ಬಿಳಿ ಪೇಂಟಿನಲ್ಲಿ ಎರಡು ಗೆರೆ. ಯಜಮಾನರು ಕೋಲೂರಿಕೊಂಡು ಈ ಗೆರೆಯಿಂದ ಆ ಗೆರೆಗೆ, ಆ ಗೆರೆಯಿಂದ ಈ ಗೆರೆಗೆ ಹೋಗುತ್ತಿದ್ದಾರೆ. ನನಗೆ ಆ ಅಂತರ ಕಂಡ ಕೂಡಲೇ ಗುರುತು ಹತ್ತಿತು. ಅಯ್ಯೋ, ಇವರು ನಮ್ಮ ಅಧ್ಯಯನದವರು! ಮನೆಗಳಿಗೆ ಹೋಗುವವರು ನಾವಿಬ್ಬರೇ, ನಮ್ಮಿಬ್ಬರ ಪಟ್ಟಿಯಲ್ಲೂ ಇವರಿಲ್ಲ. ಎಂದ ಮೇಲೆ ಬರೀ ಪುಸ್ತಕ ಸಿಕ್ಕ ಗುಂಪಿನವರು.

"ಚೆನ್ನಾಗಿ ನಡೀತಿದೀರಲ್ಲ ಯಜಮಾನ್ರೇ" ಎಂದೆ.

"ಪರೀಕ್ಷೆ ಇದೆಯಮ್ಮ, ಬರೋ ತಿಂಗ್ಳು" ಎಂದರು ಗಂಭೀರವಾಗಿ. "ಆಸ್ಪತ್ರೆಯಿಂದ ಒಬ್ರು ಅಮ್ಮ ಬರ್ತಾರೆ. ಕೈಗೊಂದು, ಕಾಲಿಗೊಂದು. ಓದ್ಕೊಳ್ದೆ ಪರೀಕ್ಷೆಗೆ ಕೂರಕ್ಕಾಗತ್ತಾ?"

ಪುಸ್ತಕವನ್ನು ಅವರು ತೆರೆದೇ ನೋಡಿರಲಿಲ್ಲ. ಅಳತೆಯನ್ನೇ ಚಿಕಿತ್ಸೆ ಎಂದುಕೊಂಡಿದ್ದರು. ಒಳಗೆ ಕರೆದು, ಹಾಸಿಗೆಯ ಕೆಳಗಿನಿಂದ ಒಂದು ಹಲಗೆ ತೆಗೆದು ತೋರಿಸಿದರು. ಒಂಬತ್ತು ತೂತು, ಒಂಬತ್ತು ಹಿತ್ತಾಳೆ ಕಡ್ಡಿ. ಮೇಡಂ ತಂದಿದ್ದನ್ನು ಒಂದು ಸಲ ಕಣ್ಣಿನಲ್ಲೇ ಅಳೆದು, ಹಳೆಯ ಕಾರ್ಖಾನೆಯ ಗೆಳೆಯರೊಬ್ಬರಿಗೆ ಹೇಳಿ ಲೇತಿನಲ್ಲಿ ಮಾಡಿಸಿಕೊಂಡಿದ್ದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ದಿನವೂ ನೂರು ಸಲ ಇಟ್ಟು ತೆಗೆಯುತ್ತಾರಂತೆ.

"ಹೋದ ಸಲ ಆ ಅಮ್ಮ ಏನಂದ್ರು ಗೊತ್ತಾ? 'ಮುಂದಿನ ಸಲ ನೋಡೋಣ' ಅಂದ್ರು. ಅಂದ್ರೆ ನನ್ನ ಮೇಲೆ ಏನೋ ನಂಬಿಕೆ ಇದೆ ಅಂತ ತಾನೇ?" ಎಂದು ಕೇಳಿದರು. ನಾನು ಹೌದು ಎಂದೆ. ಎಲ್ಲರಿಗೂ ಹೇಳುವ ಮಾತು ಅದು ಎಂದು ಹೇಳಲು ನಾಲಿಗೆ ಏಳಲಿಲ್ಲ.

ಒಂಬತ್ತನೆಯ ತಿಂಗಳ ಅಳತೆ ಮುಗಿಸಿ ಬಂದ ದಿನ ಮೇಡಂ ಆಸ್ಪತ್ರೆಯ ಗೇಟಿನ ಹತ್ತಿರ ನನಗೆ ಸಿಕ್ಕರು. ಮುಖ ಬೆಳಗಿತ್ತು. ಅಂಥ ಮುಖ ನಾನು ಅವರದ್ದು ನೋಡಿರಲೇ ಇಲ್ಲ. ತಾವಾಗಿಯೇ ನಿಂತರು. "ನಿಮ್ಮ ಕೈಗುಣ ಚೆನ್ನಾಗಿದೆ ಕಣ್ರೀ" ಎಂದರು. "ಇವತ್ತು ಒಬ್ರನ್ನ ನೋಡ್ದೆ. ಶುರುವಿನಲ್ಲಿ ನಿಲ್ಲಕ್ಕೂ ಆಗ್ತಿರ್ಲಿಲ್ಲ. ಇವತ್ತು ಕೋಲನ್ನ ಗೋಡೆಗೆ ಒರಗಿಸಿಟ್ಟು ಬಂದ್ರು. ನಂಗೆ ಕಣ್ಣಲ್ಲಿ ನೀರೇ ಬಂದ್ಬಿಡ್ತು. ವರ್ಷ ತುಂಬೋ ದಿನ ಅವ್ರ ನಡಿಗೆ ನೋಡ್ಬೇಕು ಅಂತ ಈಗ್ಲೇ ಕಾಯ್ತಾ ಇದೀನಿ."

ಅಷ್ಟಕ್ಕೆ ನಾನು ಸುಮ್ಮನಿರಬೇಕಿತ್ತು. ಸುಮ್ಮನಿದ್ದಿದ್ದರೆ ಏನು ಗಂಟು ಹೋಗುತ್ತಿತ್ತು? "ಹೇರೋಹಳ್ಳಿ ಯಜಮಾನ್ರಾ?" ಎಂದು ಬಾಯಿ ಹಾಕಿದೆ. "ಮೇಡಂ, ಅವ್ರಿಗೂ ನಮಗೂ ಸಂಬಂಧವೇ ಇಲ್ಲ! ಅವ್ರಿಗೆ ಬರೀ ಪುಸ್ತಕ. ನಿಮ್ಮ ಕಡ್ಡಿಗಳನ್ನೇ ಹಿತ್ತಾಳೆಲಿ ಮಾಡಿಸ್ಕೊಂಡು, ನಿಮ್ಮ ಗೆರೆಗಳಿಗೇ ಪೇಂಟ್ ಹೊಡೆದು, ನೀವು ಬರ್ತೀರ ಅಂತ ದಿನಾ ಓದ್ತಾ ಇದಾರೆ!"

ಹೇಳಿ ಮುಗಿಸುವ ಹೊತ್ತಿಗೆ ಅವರ ಮುಖದ ಬೆಳಕು ಆರಿತ್ತು. ಅಲ್ಲಿಯ ತನಕ ನನ್ನನ್ನು ಒಮ್ಮೆಯೂ ಏಕವಚನದಲ್ಲಿ ಕರೆಯದಿದ್ದವರು ಮೆಲ್ಲಗೆ, "ಹೇಳ್ಬಿಟ್ಯಲ್ಲೇ" ಎಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಸಂಜೆಯೇ ಫಾರಂ ತುಂಬಿದರು. ಗುಟ್ಟು ಒಡೆದರೆ ಬರೆದುಕೊಡಬೇಕಾದ ಫಾರಂ ಅದು. ಅದರಲ್ಲಿ 'ಯಾರಿಂದ ತಿಳಿಯಿತು' ಎಂಬ ಜಾಗವಿತ್ತು. ನನ್ನ ಹೆಸರು ಬಿದ್ದರೆ ಕೆಲಸ ಹೋಗುವುದೇ ಸೈ ಎಂದುಕೊಂಡು ಅವರ ಮೇಜಿನ ಪಕ್ಕ ನಿಂತಿದ್ದೆ. ಅವರಿಗೆ ಸುಳ್ಳು ಬರೆಯಲು ಬಾರದು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಪೆನ್ನು ಹಿಡಿದು ಯೋಚಿಸಿ, 'ನನ್ನ ಸಂತೋಷವನ್ನು ತಡೆದುಕೊಳ್ಳದೆ ಮಾತಾಡಿದೆ, ಅದರಿಂದ ತಿಳಿಯಿತು' ಎಂದು ಬರೆದು ಸಹಿ ಹಾಕಿದರು. ಮೇಲೆ ನೋಡಿ, "ನಿಜ ತಾನೇ? ಮಾತು ತೆಗೆದೋಳು ನಾನೇ ತಾನೇ?" ಎಂದರು.

ಅಧ್ಯಯನ ನಡೆಸುತ್ತಿದ್ದ ದೊಡ್ಡ ಡಾಕ್ಟರಿಗೆ ತಲೆಬಿಸಿಯಾಯಿತು. "ಒಬ್ರ ವಿಷಯ, ಬಿಟ್ಬಿಡಿ ಮೇಡಂ. ಯಾರಿಗೆ ಗೊತ್ತಾಗತ್ತೆ?" ಎಂದರು.

"ನಂಗೆ ಗೊತ್ತಲ್ಲ ಸಾರ್."

"ಒಂದು ಲೆಕ್ಕಕ್ಕೆ ನೋಡಿದ್ರೆ ಅವ್ರಿಗೆ ನೀವೇ ಔಷಧಿ ಆಗಿದೀರ" ಎಂದು ನಕ್ಕರು ಡಾಕ್ಟರು.

"ಅದೇ ತಪ್ಪಾಗಿರೋದು ಸಾರ್" ಎಂದರು ಇವರು, ನಗದೆ.

ನಿಯಮದ ಪ್ರಕಾರ ಯಜಮಾನರ ಕೊನೆಯ ಅಳತೆಗೆ ಇನ್ನೊಬ್ಬರು ಹೋಗಬೇಕಾಯಿತು. ಬೇರೆ ವಿಭಾಗದ ಒಬ್ಬ ಹುಡುಗಿಗೆ ತರಬೇತಿ ಕೊಟ್ಟು ಕಳಿಸಿದರು. ವರ್ಷ ತುಂಬಿದ ದಿನದಿಂದ ಎರಡು ವಾರದೊಳಗೆ ಅಳತೆ ಮುಗಿಯಬೇಕು. ಆ ಹುಡುಗಿ ಹೋದ ದಿನ ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕ್ಷೌರ ಮಾಡಿಸಿಕೊಂಡು ಬಾಗಿಲಲ್ಲೇ ಕೂತಿದ್ದರಂತೆ. ಬೇರೆ ಮುಖ ಕಂಡು, "ಆ ಅಮ್ಮ ಎಲ್ಲಿ?" ಎಂದರಂತೆ. ಬರುವುದಿಲ್ಲ ಎಂದಾಗ, ಎದ್ದು ಒಳಗೆ ಹೋಗಿ ಮಲಗಿಬಿಟ್ಟರು. ಎರಡನೆಯ ಸಲ ಹೋದಾಗಲೂ ಹಾಗೆಯೇ. "ಅವ್ರು ಬರ್ಲಿ. ಅವ್ರ ಮುಂದೆ ನಡೀತೀನಿ." ಮೂರನೆಯ ಸಲ ಎದ್ದೂ ಕೂರಲಿಲ್ಲ.

ನಾನು ಮೂರು ಮನೆ ಆಚೆಯಿಂದ ದಿನವೂ ನೋಡುತ್ತಿದ್ದೆ. ಯಜಮಾನರು ನಡೆಯುವುದನ್ನು ನಿಲ್ಲಿಸಿದ್ದರು. ಬಾಗಿಲಲ್ಲಿ ಕೂತು ರಸ್ತೆಯ ತುದಿ ನೋಡುತ್ತಿದ್ದರು. ಒಂದು ಬೆಳಿಗ್ಗೆ ನನ್ನನ್ನು ಕರೆದು, "ನೀವು ಆಸ್ಪತ್ರೆಯೋರಲ್ವಾ? ಆ ಅಮ್ಮ ಯಾಕೆ ಬರ್ತಿಲ್ಲ? ನಾನೇನು ತಪ್ಪು ಮಾಡ್ದೆ?" ಎಂದು ಕೇಳಿದರು. ಹೇಳುವಂತಿರಲಿಲ್ಲ, ನಿಜ. ಆದರೆ ನಾನು ಬಾಯಿ ಮುಚ್ಚಿಕೊಂಡಿದ್ದು ನಿಯಮಕ್ಕೆ ಹೆದರಿ ಅಲ್ಲ, ನಾಚಿಕೆಯಿಂದ. "ಕೇಳಿ ಹೇಳ್ತೀನಿ" ಎಂದು ಬಸ್ ಸ್ಟಾಪಿನ ಕಡೆ ಓಡಿದೆ.

ದೊಡ್ಡ ಡಾಕ್ಟರೇ ಸೋತು, ಕೊನೆಗೆ ಮೇಡಂಗೆ, "ಪಟ್ಟಿಲಿ ಅವ್ರ ಸಾಲು ಖಾಲಿ ಹೋಗೋದಕ್ಕಿಂತ ನೀವೇ ಹೋಗಿ ಅಳ್ಕೊಂಡು ಬಂದ್ಬಿಡಿ. ನಾನು ಬರ್ಕೊಡ್ತೀನಿ" ಎಂದರು. ಮೇಡಂ ಆಗುವುದಿಲ್ಲ ಎಂದು ಎದ್ದು ಹೊರಟರು. ನಾನು ಅವರ ಹಿಂದೆಯೇ ಮೆಟ್ಟಿಲಿನ ತನಕ ಹೋಗಿ, ಅಳುತ್ತಲೇ, "ಹೋಗಿ ಮೇಡಂ, ದಮ್ಮಯ್ಯ. ಅವ್ರು ಕಾಯ್ತಾ ಕೂತಿದಾರೆ. ನಿಮಗೂ ನೋಡ್ಬೇಕು ಅಂತ ಆಸೆ ಇತ್ತಲ್ಲ?" ಎಂದೆ.

"ಈಗ್ಲೂ ಇದೆ" ಎಂದರು. "ಅದಕ್ಕೇ ನಾನು ಅಳೆಯೋಕೆ ಹೋಗ್ಬಾರ್ದು."

ನನಗೆ ಮೈ ಉರಿಯಿತು. ಇದೆಂಥ ಕಲ್ಲು ಹೆಂಗಸು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಒಬ್ಬ ಮನುಷ್ಯನ ಒಂದು ವರ್ಷದ ಪಾಡಿಗಿಂತ ಕಾಗದದ ಮೇಲಿನ ಒಂದು ಸಾಲು ದೊಡ್ಡದಾಯಿತೇ? ಅವರು ನನ್ನ ಕಡೆ ನೋಡದೆ, "ಶನಿವಾರಕ್ಕೆ ಎರಡು ವಾರ ಮುಗಿಯತ್ತೆ" ಎಂದು ಮಾತ್ರ ಹೇಳಿ ಇಳಿದು ಹೋದರು. ಶನಿವಾರ ಸಂಜೆ ಯಜಮಾನರ ಸಾಲಿನ ಕೊನೆಯ ಚೌಕದಲ್ಲಿ ಅವರು 'ಅಳತೆ ಆಗಿಲ್ಲ' ಎಂದು ಬರೆದು ಸಹಿ ಹಾಕಿದ್ದನ್ನು ನಾನೇ ನೋಡಿದೆ. ಆ ಅಧ್ಯಯನ ಎಲ್ಲಿ ಅಚ್ಚಾಯಿತೋ, ಯಾರು ಓದಿದರೋ, ಅದರಲ್ಲಿ ಯಜಮಾನರ ಕೊನೆಯ ನಡಿಗೆ ಇಲ್ಲ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮ ಮನೆಯ ಗೇಟು ಸದ್ದಾಯಿತು. ನೋಡಿದರೆ ಮೇಡಂ. ಕೊರಳಲ್ಲಿ ಸ್ಟಾಪ್‌ವಾಚಿಲ್ಲ, ಹೆಗಲಲ್ಲಿ ಚೀಲವಿಲ್ಲ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. "ನೀವೂ ಬನ್ನಿ" ಎಂದರು. "ಒಬ್ಳೇ ಹೋಗಕ್ಕೆ ಯಾಕೋ ಧೈರ್ಯ ಬರ್ತಿಲ್ಲ." ಆಗ ನನಗೆ ಅರ್ಥವಾಯಿತು. ಆ ಸಾಲು ಮುಚ್ಚುವ ತನಕ ಅವರು ಒಂದೊಂದು ದಿನವನ್ನೂ ಹಲ್ಲು ಕಚ್ಚಿ ಕಳೆದಿದ್ದರು.

ಯಜಮಾನರು ನಮ್ಮನ್ನು ಕಂಡೂ ಕಾಣದವರಂತೆ ಗೋಡೆ ಕಡೆ ತಿರುಗಿದರು. ಮೇಡಂ ಹಣ್ಣು ಇಟ್ಟು, ನೆಲದ ಮೇಲೇ ಕೂತರು. ಆಮೇಲೆ ಯಜಮಾನರು ತಿರುಗದೆಯೇ ಹಾಸಿಗೆಯ ಕೆಳಗೆ ಕೈ ಹಾಕಿ ಹಲಗೆ ಎಳೆದರು.

"ಅದು ಬೇಡ ಯಜಮಾನ್ರೇ. ಪರೀಕ್ಷೆ ಎಲ್ಲಾ ಮುಗೀತು."

"ಮತ್ಯಾಕೆ ಬಂದ್ರಿ?"

"ಸುಮ್ನೆ ಬಂದೆ."

"ಸುಮ್ನೆ?" ಈಗ ತಿರುಗಿದರು. ಯಾರಾದರೂ ಅವರ ಮನೆಗೆ ಸುಮ್ಮನೆ ಬಂದು ಎಷ್ಟು ಕಾಲವಾಗಿತ್ತೋ. "ನಾನು ಫೇಲಾದೆ ಅಂತ ಬರ್ಲಿಲ್ಲ ಅಂದ್ಕೊಂಡಿದ್ದೆ. ತಪ್ಪು ಏನಾದ್ರೂ ಆಯ್ತಾ ನನ್ನಿಂದ?"

"ನಿಮ್ಮಿಂದಲ್ಲ, ನನ್ನಿಂದ ಆಯ್ತು" ಎಂದರು ಮೇಡಂ. "ನೀವು ನಡೆದಿದ್ದು ನೋಡಿ ನಂಗೆ ಖುಷಿ ಆಗ್ಬಿಡ್ತು. ನನ್ನ ಕೆಲಸದಲ್ಲಿ ಖುಷಿ ಆಗಂಗಿಲ್ಲ. ಆದ್ಮೇಲೆ ಅಳೆಯೋಕೆ ಬರಂಗಿಲ್ಲ."

ಯಜಮಾನರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. "ಖುಷಿ ಆಯ್ತಾ?" ಎಂದು ಮಾತ್ರ ಕೇಳಿದರು. ಹೌದು ಎಂದು ಅವರು ತಲೆಯಾಡಿಸಿದರು. ಬಾಗಿಲಲ್ಲಿ ನಿಂತಿದ್ದ ನಾನು, ತಪ್ಪು ನನ್ನದು ಯಜಮಾನ್ರೇ, ಬಾಯಿಬಡುಕಿ ನಾನು ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಹೇಳಲಿಲ್ಲ. ಹೇಳಬಾರದ ಕಡೆ ಹೇಳಿದವಳಿಗೆ ಹೇಳಬೇಕಾದ ಕಡೆ ದನಿಯೇ ಹೊರಡಲಿಲ್ಲ. ಅವರಿಬ್ಬರ ಹತ್ತಿರವೂ ನಾನು ಕ್ಷಮೆ ಕೇಳಿಲ್ಲ, ಈಗ ಇಬ್ಬರೂ ಇಲ್ಲ.

ಹೊರಟು ನಿಂತಾಗ ಯಜಮಾನರೂ ಎದ್ದರು. "ಮನೆಗೆ ಬಂದೋರನ್ನ ಬಸ್ ಹತ್ತಿಸ್ದೆ ಇರಕ್ಕಾಗತ್ತಾ?" ಎಂದು ಎಡಗೈಯಲ್ಲೇ ಅಂಗಿಯ ಗುಂಡಿ ಹಾಕಿಕೊಂಡರು. ನಾವು ಬೇಡವೆಂದರೂ ಕೇಳಲಿಲ್ಲ. ಬಸ್ ಸ್ಟಾಪು ಮುಖ್ಯರಸ್ತೆಯಲ್ಲಿ, ಹೆಚ್ಚುಕಡಿಮೆ ಎರಡು ಫರ್ಲಾಂಗು. ಲಕ್ವ ಹೊಡೆದ ಮೇಲೆ ಅವರು ಆ ಬಿಳಿ ಗೆರೆ ದಾಟಿ ಹೋದವರಲ್ಲ. ಅವತ್ತು ಮೊದಲನೆಯ ಗೆರೆ ದಾಟಿದರು, ಎರಡನೆಯದನ್ನೂ ದಾಟಿದರು. ಎರಡನ್ನೂ ಮೇಡಂ ನೋಡಲೇ ಇಲ್ಲ. ತಮ್ಮ ಊರಿನ ಬಾವಿಯ ವಿಷಯ ಏನೋ ಹೇಳುತ್ತಾ ನಡೆಯುತ್ತಿದ್ದರು.

ಮುಂದೆ ನೀರಿನ ಪೈಪಿಗೆಂದು ರಸ್ತೆ ಅಗೆದು ಹಾಗೇ ಬಿಟ್ಟಿದ್ದರು. ಮಣ್ಣಿನ ದಿಬ್ಬದ ಹತ್ತಿರ ಯಜಮಾನರ ಕಾಲು ಅಳುಕಿತು. ಅಳೆಯಲು ಬಂದವರು ರೋಗಿಗೆ ಕೈ ಕೊಡುವಂತಿಲ್ಲ, ಕೊಟ್ಟರೆ ಆ ಅಳತೆ ಲೆಕ್ಕಕ್ಕಿಲ್ಲ. ಮೇಡಂ ಕೈ ಚಾಚಿದರು. ಯಜಮಾನರು ತಮ್ಮ ಬಲಗೈಯನ್ನೇ, ಆ ಬಿದ್ದ ಕೈಯನ್ನೇ, ಎತ್ತಿ ಅದರಲ್ಲಿಟ್ಟರು. ದಿಬ್ಬ ದಾಟಿದ ಮೇಲೂ ಇಬ್ಬರೂ ಕೈ ಬಿಡಲಿಲ್ಲ. ನಾನು ಹತ್ತು ಹೆಜ್ಜೆ ಹಿಂದೆಯೇ ಉಳಿದೆ. ನನಗೆ ಅಳು ಬಂದಿತ್ತು.

ಉಲ್ಲಾಳದ ಮೇಲೆ ಕೆಂಗೇರಿಗೆ ಹೋಗುವ ಬಸ್ಸು ನಾವು ಸ್ಟಾಪು ಮುಟ್ಟುವಷ್ಟರಲ್ಲೇ ಬಂತು. ಭಾನುವಾರ ಅದು ಗಂಟೆಗೊಂದು. "ಹತ್ಕೊಳಿ, ಹತ್ಕೊಳಿ, ಸೀಟಿದೆ" ಎಂದು ಯಜಮಾನರು ಏದುಸಿರು ಬಿಡುತ್ತಲೇ ಅವಸರ ಮಾಡಿದರು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಬರ್ತೀರೇನಮ್ಮಾ?" ಎಂದ. ಮೇಡಂ ಬಸ್ಸನ್ನು ನೋಡಿದರು, ಯಜಮಾನರನ್ನು ನೋಡಿದರು.

"ಹೋಗ್ಲಿ ಬಿಡಪ್ಪ, ಇನ್ನೊಂದು ಬರತ್ತೆ" ಎಂದು ಹೇಳಿ, ಯಜಮಾನರನ್ನು ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾವೂ ಕೂತರು.